‘ಎಷ್ಟು ಬಿದ್ದಾವು?’: ಸಾಂಗ್ಲಿ–ಮಿರಜ–ಕುಪವಾಡ ಭಾಗದ ಕನ್ನಡ ಪಾಲಕರು ಮತ್ತು ಪ್ರಮಾಣೀಕೃತ ಪರೀಕ್ಷೆಗಳ ಫಲಿತಾಂಶದ ಭಾಷೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಚರ್ಚೆಯ ಆಯ್ದ ಭಾಗ ಕೊನೆಯಲ್ಲಿದೆ.)

ಸಾರಾಂಶ

ಸರಕಾರಿ ಶಾಲೆಗಳ ಪ್ರಮಾಣೀಕೃತ ಪರೀಕ್ಷೆಗಳನ್ನು ಪಾಲಕರಿಗೆ ಅರ್ಥಮಾಡಿಸಬೇಕು ಎಂಬ ಮಾತು ಶಿಕ್ಷಣ ಚರ್ಚೆಗಳಲ್ಲಿ ಪದೇ ಪದೇ ಬರುತ್ತದೆ. ಪಾಲಕರಿಗೆ ಅರ್ಥವಾಗದಿರುವುದಕ್ಕೆ ಅವರ ಓದಿನ ಕೊರತೆ ಮುಖ್ಯ ಕಾರಣವಲ್ಲ, ಫಲಿತಾಂಶದ ಬರಹವೇ ಬೇರೆ ಓದುಗರಿಗಾಗಿ ಬರೆದದ್ದು ಎಂಬುದು ಈ ಪ್ರಬಂಧದ ವಾದ. ಗಡಿಭಾಗದ ಕನ್ನಡ ಕುಟುಂಬಗಳಲ್ಲಿ ಈ ತಪ್ಪು ಓದಿನ ಬೆಲೆ ಹೆಚ್ಚು. ಅಲ್ಲಿ ಒಂದು ಅಂಕಿಯನ್ನು ತಪ್ಪಾಗಿ ತಿಳಿದರೆ ಮಗುವಿನ ಕಲಿಕೆಯ ಮಾಧ್ಯಮವೇ ಬದಲಾಗಬಹುದು.

ಕೀಲಿಪದಗಳು: ಪ್ರಮಾಣೀಕೃತ ಪರೀಕ್ಷೆ, ಪಾಲಕರು, ಕನ್ನಡ ಮಾಧ್ಯಮ, ಪ್ರಥಮ ಭಾಷೆ, ಸಾಂಗ್ಲಿ ಜಿಲ್ಲೆ

1. ಪೀಠಿಕೆ

ಧ್ವನಿ ಸರಿಯಾಗಿ ಕೇಳ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ.

ನಮ್ಮ ಕಡೆ ಮಗು ಪರೀಕ್ಷೆ ಮುಗಿಸಿ ಮನೆಗೆ ಬಂದರೆ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಬಿದ್ದಾವು?’ ಮರಾಠಿಯಲ್ಲೂ ಇದೇ ಕ್ರಿಯಾಪದ, ‘ಕಿತೀ ಪಡಲೇ?’ ಅಂತಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ನೋಡಬಾರದು. ಪಾಲಕರಿಗೆ ಶಾಲೆ ಕೊಡುವುದೇ ಅಂಕಿ, ಅವರು ಕೇಳೋದೂ ಅಂಕಿಯನ್ನೇ. ಪ್ರಶ್ನೆ ಚಿಕ್ಕದಾಗಲು ಕಾರಣ ಉತ್ತರವೇ ಅಷ್ಟು ಚಿಕ್ಕದಾಗಿರೋದು.

ಚರ್ಚೆಯ ಭೂಗೋಳವನ್ನು ಮೊದಲೇ ಹೇಳಿಬಿಡ್ತೀನಿ. ಸಾಂಗ್ಲಿ ಜಿಲ್ಲೆಯಲ್ಲಿ ಎರಡು ರೀತಿಯ ಕನ್ನಡ ಪಾಲಕರಿದ್ದಾರೆ. ಜತ್ತ ತಾಲೂಕಿನ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮ ಶಾಲೆಗಳಿವೆ. ಅಲ್ಲಿಯ ಮಗು ಪುಣೆಯ ಬಾಲಭಾರತಿ ಪ್ರಕಟಿಸುವ ಕನ್ನಡ ಪಠ್ಯಪುಸ್ತಕ ಓದುತ್ತದೆ. ಇನ್ನೊಂದು ಕಡೆ ಕುಪವಾಡ. 1998ರಲ್ಲಿ ಸಾಂಗ್ಲಿ, ಮಿರಜ, ಕುಪವಾಡ ಸೇರಿ ಒಂದೇ ಮಹಾನಗರ ಪಾಲಿಕೆ ಆಯಿತು. ಅಲ್ಲಿಯ ಎಂಐಡಿಸಿ ಕಾರ್ಖಾನೆಗಳ ಸುತ್ತ ದುಡಿಯುವ ಕುಟುಂಬಗಳಲ್ಲಿ ಮನೆಮಾತು ಕನ್ನಡ, ಮಗುವಿನ ಶಾಲೆ ಮರಾಠಿ ಎನ್ನುವಂಥವು ಇವೆ. ಈ ಇಬ್ಬರೂ ಪಾಲಕರಿಗೆ ಬರುವ ಫಲಿತಾಂಶದ ಅಚ್ಚು ಒಂದೇ. ಅದರ ಅರ್ಥ ಮಾತ್ರ ಒಂದೇ ಅಲ್ಲ.

2. ಒಂದು ಮಗು, ಹಲವು ಪರೀಕ್ಷೆ

‘ಪ್ರಮಾಣೀಕೃತ ಪರೀಕ್ಷೆ’ ಅಂದರೆ ಎಲ್ಲ ಮಕ್ಕಳಿಗೂ ಒಂದೇ ರೀತಿಯ ಪ್ರಶ್ನೆ, ಒಂದೇ ರೀತಿಯ ನಿಯಮ, ಒಂದೇ ರೀತಿಯ ಮೌಲ್ಯಮಾಪನ. ಇಷ್ಟು ನಮಗೆಲ್ಲ ಗೊತ್ತು. ಪಾಲಕರಿಗೆ ಹೇಳದೇ ಉಳಿಯೋದು ಇದರ ಮುಂದಿನ ಮಾತು: ಈ ಪರೀಕ್ಷೆಗಳ ಉದ್ದೇಶ ಬೇರೆ ಬೇರೆ. ಮಹಾರಾಷ್ಟ್ರದ ಸರಕಾರಿ ಶಾಲೆಯ ಮಗುವನ್ನು ತಗೊಂಡರೆ ಕನಿಷ್ಠ ನಾಲ್ಕು ಜಾತಿಯ ಪರೀಕ್ಷೆ ಕಾಣ್ತವೆ.

ಮೊದಲನೆಯದು ನಿಯತಕಾಲಿಕ ಮೌಲ್ಯಮಾಪನ ಚಾಚಣಿ. ಶಿಕ್ಷಕರು ಇದನ್ನು ‘ಪ್ಯಾಟ್’ ಅಂತಾರೆ. ಸ್ಟಾರ್ಸ್ ಯೋಜನೆಯಡಿ 2023–24ರಿಂದ ಶುರುವಾಯಿತು. ವರ್ಷಕ್ಕೆ ಮೂರು ಹಂತ: ಪಾಯಾಭೂತ, ಸಂಕಲಿತ 1, ಸಂಕಲಿತ 2. ವಿಷಯ ಪ್ರಥಮ ಭಾಷೆ, ಗಣಿತ, ಇಂಗ್ಲಿಷ್. ಇದರ ಮೂಲ ಉದ್ದೇಶ ಮಗು ಎಲ್ಲಿ ನಿಂತಿದೆ ಅಂತ ಶಿಕ್ಷಕರಿಗೆ ತಿಳಿಯೋದು, ಅದರ ಮೇಲೆ ಪಾಠ ತಿದ್ದಿಕೊಳ್ಳೋದು.

ಎರಡನೆಯದು 5 ಮತ್ತು 8ನೇ ತರಗತಿಯ ವಾರ್ಷಿಕ ಪರೀಕ್ಷೆ. ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಈ ಎರಡು ತರಗತಿಗಳಲ್ಲಿ ಪರೀಕ್ಷೆ ನಡೆಸುವ, ಮರುಪರೀಕ್ಷೆಯಲ್ಲೂ ಸೋತ ಮಗುವನ್ನು ಅದೇ ತರಗತಿಯಲ್ಲಿ ಉಳಿಸುವ ದಾರಿ ತೆರೆಯಿತು. ಮಹಾರಾಷ್ಟ್ರ ಆ ದಾರಿ ಹಿಡಿದಿದೆ. ಇದರ ಅಂಕ ಮಗುವಿನ ಮುಂದಿನ ವರ್ಷವನ್ನು ನಿರ್ಧರಿಸುತ್ತೆ.

ಮೂರನೆಯದು ಶಿಷ್ಯವೃತ್ತಿ ಪರೀಕ್ಷೆ, ಸ್ಕಾಲರ್‌ಶಿಪ್. ಪುಣೆಯ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುತ್ತದೆ. ಕನ್ನಡ ಮಾಧ್ಯಮದಲ್ಲೂ ಪ್ರಶ್ನೆಪತ್ರಿಕೆ ಇದೆ. ಮೊದಲು 4 ಮತ್ತು 7ನೇ ತರಗತಿಗೆ ಇತ್ತು, ಆಮೇಲೆ 5 ಮತ್ತು 8ಕ್ಕೆ ಹೋಯಿತು, 2025ರಲ್ಲಿ ಮತ್ತೆ 4 ಮತ್ತು 7ಕ್ಕೆ ತರುವ ನಿರ್ಧಾರವಾಯಿತು. ಇದು ಆಯ್ಕೆಯ ಪರೀಕ್ಷೆ. ಎಲ್ಲರೂ ಚೆನ್ನಾಗಿ ಬರೆದರೂ ಎಲ್ಲರಿಗೂ ಶಿಷ್ಯವೃತ್ತಿ ಸಿಗೋದಿಲ್ಲ.

ನಾಲ್ಕನೆಯದು ಸಮೀಕ್ಷೆ. 2017 ಮತ್ತು 2021ರಲ್ಲಿ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆ, ಅಂದರೆ ನಾಸ್, 2024ರ ಡಿಸೆಂಬರ್ 4ರಂದು ‘ಪರಖ್ ರಾಷ್ಟ್ರೀಯ ಸರ್ವೇಕ್ಷಣ’ ಎಂಬ ಹೆಸರಿನಲ್ಲಿ ನಡೆಯಿತು. ಆಯ್ದ ಶಾಲೆ, ಆಯ್ದ ಮಕ್ಕಳು. ಫಲಿತಾಂಶ ಜಿಲ್ಲೆಗೆ, ರಾಜ್ಯಕ್ಕೆ, ದೇಶಕ್ಕೆ. ಮಗುವಿಗೆ ಅಂಕಪಟ್ಟಿಯೇ ಇಲ್ಲ.

ಈಗ ಪಾಲಕರ ಕಡೆಯಿಂದ ನೋಡ್ರಿ. ಈ ನಾಲ್ಕಕ್ಕೂ ಅವರ ಕಿವಿಗೆ ಬೀಳುವ ಹೆಸರು ಒಂದೇ, ‘ಪರೀಕ್ಷೆ’. ರೋಗ ಏನೆಂದು ತಿಳಿಯಲು ತೆಗೆದ ರಕ್ತಕ್ಕೂ, ಸೈನ್ಯದ ಭರ್ತಿಗೆ ಓಡಿಸುವ ಓಟಕ್ಕೂ, ಮನೆಮನೆಗೆ ಬರುವ ಜನಗಣತಿಗೂ ಒಂದೇ ಹೆಸರಿಟ್ಟ ಹಾಗೆ. ಪ್ಯಾಟ್‌ನಲ್ಲಿ ಕಡಿಮೆ ಬಿದ್ದರೆ ಅದು ಶಿಕ್ಷಕರ ಕೆಲಸ ಶುರುವಾಗುವ ಜಾಗ. ಮನೆಯಲ್ಲಿ ಅದು ಮಗುವಿಗೆ ಬೈಗುಳ ಶುರುವಾಗುವ ಜಾಗ ಆಗಿಬಿಡುತ್ತದೆ.

ಗಡಿಯ ಆಚೆಯ ಸುದ್ದಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಅಥಣಿಯಲ್ಲೋ ವಿಜಯಪುರದಲ್ಲೋ ಬೀಗರಿರುವ ಮನೆಗೆ ಕರ್ನಾಟಕದ ಸುದ್ದಿ ಫೋನಿನಲ್ಲೇ ಬರುತ್ತದೆ. 2024ರ ಮಾರ್ಚಿಯಲ್ಲಿ ಕರ್ನಾಟಕದ 5, 8, 9ನೇ ತರಗತಿಯ ಬೋರ್ಡ್ ಮಟ್ಟದ ಪರೀಕ್ಷೆ ಶುರುವಾಗಿ ನಡುವೆ ನಿಂತಿತು. ಹೈಕೋರ್ಟಿನ ತೀರ್ಪಿನ ನಂತರ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಟ್ಟಿತು. ಅದನ್ನು ಸರಕಾರ ‘ಮೌಲ್ಯಾಂಕನ’ ಅಂತ ಕರೆಯಿತು, ಜನ ‘ಬೋರ್ಡ್ ಪರೀಕ್ಷೆ’ ಅಂತ ಕರೆದರು. ಹೆಸರು ಯಾವುದೆಂಬುದರ ಮೇಲೆಯೇ ಮೊಕದ್ದಮೆ ನಿಂತಿತ್ತು, ಯಾಕಂದರೆ ಕಾಯ್ದೆಯ 30ನೇ ಕಲಮು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಬೇಡ ಅನ್ನುತ್ತದೆ. ಸರಕಾರ, ವಕೀಲರು, ಕೋರ್ಟುಗಳಿಗೇ ಇಷ್ಟು ವಾದ ಬೇಕಾದ ವ್ಯತ್ಯಾಸವನ್ನು ಪಾಲಕರು ತಾವಾಗಿಯೇ ತಿಳಿದುಕೊಳ್ಳಲಿ ಅನ್ನೋದು ನ್ಯಾಯವಲ್ಲ.

3. 64 ಮತ್ತು 23.4: ಎರಡೂ ನಿಜ

ಅಂಕಿಯನ್ನು ಓದುವ ಸಮಸ್ಯೆಗೆ ಬರ್ತೀನಿ. 2021ರ ನಾಸ್ ವರದಿ 3ನೇ ತರಗತಿಯ ಭಾಷೆಗೆ ದೇಶದ ಸರಾಸರಿ 323 ಅಂತ ಕೊಟ್ಟಿತು, 500ರ ಸ್ಕೇಲಿನಲ್ಲಿ. ಯಾವ ಪಾಲಕರಾದರೂ ಇದನ್ನು ‘500ಕ್ಕೆ 323’ ಅಂತಲೇ ಓದ್ತಾರೆ, ಶೇಕಡಾ ಅರವತ್ತೈದರ ಹತ್ತಿರ, ಫಸ್ಟ್ ಕ್ಲಾಸ್! ಆದರೆ 500 ಅಂಕದ ಪತ್ರಿಕೆಯನ್ನು ಯಾವ ಮಗುವೂ ಬರೆದಿಲ್ಲ. ಪ್ರಶ್ನೆಗಳ ಕಾಠಿಣ್ಯವನ್ನೂ ಲೆಕ್ಕಕ್ಕೆ ಹಿಡಿದು ತಯಾರಿಸಿದ ಅಳತೆಪಟ್ಟಿಯ ಮೇಲಿನ ಒಂದು ಜಾಗ ಅದು. ಥರ್ಮಾಮೀಟರಿನಲ್ಲಿ 98 ಬಂತು ಅಂದರೆ ನೂರಕ್ಕೆ 98 ಅಂಕ ಬಿತ್ತು ಅಂತ ಯಾರೂ ಸಂಭ್ರಮಿಸೋದಿಲ್ಲ. ಆ ವ್ಯತ್ಯಾಸವನ್ನು ಈ ವರದಿ ಸಾಮಾನ್ಯ ಓದುಗರಿಗೆ ಹೇಳಿಕೊಡೋದಿಲ್ಲ.

2024ರ ಪರಖ್ ವರದಿ ಶೇಕಡಾವಾರು ಲೆಕ್ಕಕ್ಕೆ ಬಂತು. 3ನೇ ತರಗತಿಯ ಭಾಷೆಗೆ ದೇಶದ ಸರಾಸರಿ ಶೇ 64. ಅದೇ ವರ್ಷದ ಅಸರ್ ಗ್ರಾಮೀಣ ಸಮೀಕ್ಷೆ ಏನು ಹೇಳಿತು? ಸರಕಾರಿ ಶಾಲೆಯ 3ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಮಟ್ಟದ ಪಾಠ ಓದಬಲ್ಲವರು ಶೇ 23.4. ಎರಡು ಪತ್ರಿಕೆಯ ಸುದ್ದಿಯನ್ನು ಪಕ್ಕಪಕ್ಕ ಇಟ್ಟುಕೊಂಡ ಪಾಲಕರು ಯಾರೋ ಸುಳ್ಳು ಹೇಳ್ತಾ ಇದ್ದಾರೆ ಅಂತಲೇ ತಿಳೀತಾರೆ. ಅಂಥ ಅನುಮಾನಕ್ಕೆ ಒಂದಿಷ್ಟು ಆಧಾರವೂ ಇದೆ. ಮಧ್ಯಪ್ರದೇಶದ ಸರಕಾರಿ ಪರೀಕ್ಷೆಯ ಅಂಕಗಳನ್ನು ಅಭಿಜಿತ್ ಸಿಂಗ್ ಎಂಬ ಅರ್ಥಶಾಸ್ತ್ರಜ್ಞರು ಮರುಪರೀಕ್ಷೆ ಮಾಡಿ ನೋಡಿದಾಗ ಅಂಕಗಳು ಬಹಳ ಉಬ್ಬಿದ್ದು ಕಂಡುಬಂತು.

ಆದರೆ 64 ಮತ್ತು 23.4ರ ಅಂತರಕ್ಕೆ ಸುಳ್ಳೇ ಬೇಕಾಗಿಲ್ಲ. ಮೊದಲನೆಯದು ಉತ್ತರಗಳ ಸರಾಸರಿ: ಕೇಳಿದ ಪ್ರಶ್ನೆಗಳಲ್ಲಿ ಎಷ್ಟು ಪಾಲು ಸರಿ. ಎರಡನೆಯದು ಮಕ್ಕಳ ಎಣಿಕೆ: ಒಂದು ಗೆರೆ ದಾಟಿದವರು ಎಷ್ಟು ಮಂದಿ. ಮೊದಲನೆಯದು ಶಾಲೆಯಲ್ಲಿ ಕೂತು ಆಯ್ಕೆಯ ಉತ್ತರ ಆರಿಸುವ ಪರೀಕ್ಷೆ. ಎರಡನೆಯದು ಮನೆಯ ಬಾಗಿಲಲ್ಲಿ, ಒಬ್ಬೊಬ್ಬರನ್ನೇ ಕೂರಿಸಿ, ಬಾಯಿಬಿಟ್ಟು ಓದಿಸುವ ಪರೀಕ್ಷೆ. ಮೊದಲನೆಯದರಲ್ಲಿ ಖಾಸಗಿ ಶಾಲೆಗಳೂ, ನಗರಗಳೂ ಇವೆ. ಎರಡನೆಯದು ಹಳ್ಳಿಗಳದ್ದು ಮಾತ್ರ. ಹಾಗಾಗಿ ಜತ್ತದ ಒಂದು ಹಳ್ಳಿ ಅಸರ್‌ನಲ್ಲಿ ಬರಬಹುದು, ಮಹಾನಗರ ಪಾಲಿಕೆಯೊಳಗಿರುವ ಕುಪವಾಡ ಬರೋದಿಲ್ಲ. ಪರಖ್‌ನಲ್ಲಿ ಎರಡೂ ಸೇರಿ ‘ಸಾಂಗ್ಲಿ ಜಿಲ್ಲೆ’ ಅಂತ ಒಂದೇ ಅಂಕಿ. ಕುಪವಾಡದ ಪಾಲಕರ ಮಗುವಿನ ಬಗ್ಗೆ ಎರಡೂ ಅಂಕಿಗಳು ಏನನ್ನೂ ಹೇಳೋದಿಲ್ಲ.

ಪಾಲಕರಿಗೆ ಮೊದಲು ಹೇಳಬೇಕಾದದ್ದು ಇದನ್ನೇ ಅಂತ ನನ್ನ ವಾದ. ಅಂಕಿ ದೊಡ್ಡದೋ ಸಣ್ಣದೋ ಅನ್ನೋದು ಆಮೇಲಿನ ಮಾತು. ಈ ಅಂಕಿ ಯಾರ ಬಗ್ಗೆ, ಯಾರ ಬಗ್ಗೆ ಅಲ್ಲ, ಇದು ಮೊದಲ ಮಾತು.

4. ಪದಗಳು ದಾರಿ ತಪ್ಪಿಸುವ ಬಗೆ

ಇನ್ನು ಭಾಷೆ. ಗಡಿಭಾಗದಲ್ಲಿ ಮರಾಠಿ–ಕನ್ನಡ ಪದಗಳು ಒಂದೇ ರೂಪದಲ್ಲಿ ಎರಡು ಅರ್ಥ ಹೊತ್ತು ತಿರುಗುತ್ತವೆ. ಮಹಾರಾಷ್ಟ್ರದ ಮೌಲ್ಯಮಾಪನದಲ್ಲಿ ‘ಆಕಾರಿಕ’ ಮತ್ತು ‘ಸಂಕಲಿತ’ ಎಂಬ ಎರಡು ಪಾರಿಭಾಷಿಕ ಪದಗಳಿವೆ. ಕಲಿಕೆ ನಡೆಯುವಾಗಲೇ ಮಾಡುವುದು ಆಕಾರಿಕ, ಅವಧಿಯ ಕೊನೆಗೆ ಮಾಡುವುದು ಸಂಕಲಿತ. ಕರ್ನಾಟಕದಲ್ಲಿ ಇವೇ ‘ರೂಪಣಾತ್ಮಕ’, ‘ಸಂಕಲನಾತ್ಮಕ’. ಕನ್ನಡ ಶಾಲೆ ಕಲಿತ ತಾಯಿಗೆ ‘ಸಂಕಲನ’ ಅಂದರೆ ಕೂಡಿಸುವ ಲೆಕ್ಕ. ಮರಾಠಿ ಶಾಲೆಯಲ್ಲಿ ಅದೇ ಲೆಕ್ಕ ‘ಬೇರೀಜ’. ‘ಸಂಕಲಿತದಲ್ಲಿ ಕಡಿಮೆ ಇದೆ’ ಅಂತ ಬಾಯಿಯವರು ಹೇಳಿದರೆ, ಮಗುವಿಗೆ ಕೂಡಿಸಲು ಬರೋದಿಲ್ಲ ಅಂತ ತಾಯಿ ತಿಳಿದರೆ, ಅದು ತಾಯಿಯ ತಪ್ಪೇ?

ಇದಕ್ಕಿಂತ ಗಂಭೀರವಾದದ್ದು ‘ಪಾತ್ರ’, ‘ಅಪಾತ್ರ’. ಶಿಷ್ಯವೃತ್ತಿ ಪರೀಕ್ಷೆಯ ಫಲಿತಾಂಶದ ಸುತ್ತ ಓಡಾಡುವ ಪದಗಳಿವು. ಮರಾಠಿ ಆಡಳಿತ ಭಾಷೆಯಲ್ಲಿ ‘ಪಾತ್ರ’ ಅಂದರೆ ಅರ್ಹ, ‘ಅಪಾತ್ರ’ ಅಂದರೆ ನಿಗದಿತ ಗೆರೆ ಮುಟ್ಟದವನು, ಅಷ್ಟೇ. ಪ್ರತಿ ಪತ್ರಿಕೆಯಲ್ಲಿ ಶೇ 40 ದಾಟಿದರೆ ಪಾತ್ರ. ಕನ್ನಡದಲ್ಲಿ ನಾವು ‘ಅಪಾತ್ರದಾನ’ ಅಂತೀವಿ. ಅಲ್ಲಿ ಅಪಾತ್ರ ಅಂದರೆ ಯೋಗ್ಯತೆಯೇ ಇಲ್ಲದವನು. ಹತ್ತು ವರ್ಷದ ಮಗುವಿನ ಹೆಸರಿನ ಮುಂದೆ ಈ ಪದ ಕಂಡರೆ ಕನ್ನಡ ಮನೆಯಲ್ಲಿ ಅದು ಶಾಪದ ಹಾಗೆ ಕೇಳುತ್ತದೆ. ಇನ್ನೂ ಒಂದು ಗೊಂದಲ: ಪಾತ್ರ ಆದವರೆಲ್ಲ ಶಿಷ್ಯವೃತ್ತಿ ಪಡೆಯೋದಿಲ್ಲ, ಗುಣಾನುಕ್ರಮದ ಪಟ್ಟಿಯಲ್ಲಿ ಮೇಲಿರುವವರಿಗೆ ಮಾತ್ರ. ‘ಪಾಸಾಗ್ಯಾನ, ಆದ್ರ ರೊಕ್ಕ ಬರಲಿಲ್ಲ’ ಎಂಬ ಮಾತಿನ ಹಿಂದೆ ಇರೋದು ಈ ಹೇಳದೇ ಬಿಟ್ಟ ನಿಯಮ.

ಅಮೆರಿಕದಲ್ಲಿ 2002ರಲ್ಲಿ ಜಾರಿಗೆ ಬಂದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯ ಮೇಲೆ ಬೇಕಾದಷ್ಟು ಟೀಕೆ ಇದೆ, ಪರೀಕ್ಷೆಗಾಗಿಯೇ ಪಾಠ ಅನ್ನುವ ಸ್ಥಿತಿ ತಂದಿತು ಅಂತ. ಆದರೂ ಅದರಲ್ಲಿ ಒಂದು ಒಳ್ಳೆಯ ಮಾತಿತ್ತು: ಫಲಿತಾಂಶವನ್ನು ಸಾಧ್ಯವಾದಷ್ಟು ಪಾಲಕರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಅಚ್ಚುಮಾಡುವ ವ್ಯವಸ್ಥೆ ನಮ್ಮಲ್ಲಿ ಇದೆ. ಅಷ್ಟು ದೂರ ಬಂದ ಮೇಲೆ ಫಲಿತಾಂಶವನ್ನೂ ಕನ್ನಡದಲ್ಲಿ ವಿವರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

5. ‘ಪ್ರಥಮ ಭಾಷೆ’ ಯಾರ ಭಾಷೆ?

ಪ್ಯಾಟ್‌ನಲ್ಲಿ ‘ಪ್ರಥಮ ಭಾಷೆ’ ಅಂದರೆ ಶಾಲೆಯ ಮಾಧ್ಯಮದ ಭಾಷೆ. ಜತ್ತದ ಕನ್ನಡ ಶಾಲೆಯ ಮಗುವಿಗೆ ಅದು ಕನ್ನಡ. ಕುಪವಾಡದಲ್ಲಿ ಮರಾಠಿ ಶಾಲೆಗೆ ಹೋಗುವ ಕನ್ನಡ ಮನೆಯ ಮಗುವಿಗೆ ಅದು ಮರಾಠಿ, ಅಂದರೆ ಮಗು ಬಹುಶಃ ಎರಡನೆಯದಾಗಿ ಕಲಿತ ಭಾಷೆ. ಆ ಮಗುವಿಗೆ ‘ಪ್ರಥಮ ಭಾಷೆ’ಯಲ್ಲಿ ಕಡಿಮೆ ಬಂದರೆ ಅದಕ್ಕೆ ಎರಡು ಕಾರಣ ಇರಬಹುದು. ಅಕ್ಷರ ಕೂಡಿಸಿ ಓದುವುದೇ ಬಂದಿಲ್ಲ ಅನ್ನೋದು ಒಂದು. ಓದೋದು ಬರುತ್ತೆ, ಓದಿದ ಮಾತಿನ ಅರ್ಥ ಗೊತ್ತಿಲ್ಲ ಅನ್ನೋದು ಇನ್ನೊಂದು. ಇವೆರಡಕ್ಕೂ ಔಷಧ ಬೇರೆ. ಅಂಕಿ ಮಾತ್ರ ಒಂದೇ.

ಗಣಿತಕ್ಕೂ ಇದು ತಾಗುತ್ತದೆ. ‘ಗುಣಾಕಾರ’, ‘ಭಾಗಾಕಾರ’ ಎರಡೂ ಭಾಷೆಗೆ ಒಂದೇ. ಆದರೆ ‘ಬೇರೀಜ’–‘ಸಂಕಲನ’, ‘ವಜಾಬಾಕಿ’–‘ವ್ಯವಕಲನ’ ಬೇರೆ. ಮಾತಿನ ಲೆಕ್ಕ ಬಂದಾಗ ಮಗು ಸೋಲೋದು ಲೆಕ್ಕದಲ್ಲೋ ಮಾತಿನಲ್ಲೋ ಅನ್ನೋದನ್ನು ಒಟ್ಟು ಅಂಕ ಹೇಳಲಾರದು. ಜತ್ತದ ಮಗುವಿಗೂ ಈ ತೊಂದರೆ ತಪ್ಪಿದ್ದಲ್ಲ. ಮನೆಯ ಕನ್ನಡ ಬೇರೆ, ಪತ್ರಿಕೆಯ ಗ್ರಾಂಥಿಕ ಕನ್ನಡ ಬೇರೆ. ಅನುವಾದವಾದ ಪ್ರಶ್ನೆ ಮೂಲದಷ್ಟೇ ಸುಲಭವಾಗಿದೆ ಅಂತ ನಾವು ಸುಮ್ಮನೆ ನಂಬುವ ಹಾಗಿಲ್ಲ. ‘ಪ್ರಮಾಣೀಕೃತ’ ಅನ್ನುವ ವಿಶೇಷಣ ಗಟ್ಟಿಯಾಗಬೇಕಾದರೆ ಪ್ರತಿ ಭಾಷೆಯ ಆವೃತ್ತಿಯನ್ನೂ ಆ ಭಾಷೆಯ ಮಕ್ಕಳ ಮೇಲೆ ಮೊದಲು ಪ್ರಯೋಗಿಸಿ ನೋಡಿರಬೇಕು.

6. ಮಾಹಿತಿ ಕೊಟ್ಟರೆ ಸಾಕೇ?

‘ಪಾಲಕರಿಗೆ ತಿಳಿಸಿರಿ, ಅವರು ಶಾಲೆಯನ್ನು ಕೇಳ್ತಾರೆ, ಶಾಲೆ ಸುಧಾರಿಸುತ್ತೆ’ ಎಂಬ ನಂಬಿಕೆಯನ್ನೂ ಪರೀಕ್ಷೆ ಮಾಡಿದ್ದಾರೆ. ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಓದಬೇಕು.

ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಪ್ರಥಮ್ ಸಂಸ್ಥೆಯೊಂದಿಗೆ ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹಳ್ಳಿಗಳಲ್ಲಿ ಸಭೆ ಮಾಡಿ ಶಿಕ್ಷಣ ಸಮಿತಿಯ ಅಧಿಕಾರ ಏನೆಂದು ಹೇಳಿದರು, ಮಕ್ಕಳನ್ನು ತಾವೇ ಪರೀಕ್ಷಿಸಿ ನೋಡುವುದನ್ನು ಜನರಿಗೆ ಕಲಿಸಿದರು. ಸರಕಾರಿ ಶಾಲೆಯಲ್ಲಿ ಕಲಿಕೆ ಇದರಿಂದ ಬದಲಾಗಲಿಲ್ಲ. ಬದಲಾದದ್ದು ಊರಿನ ಸ್ವಯಂಸೇವಕರು ಓದಿನ ಶಿಬಿರ ನಡೆಸಿದ ಕಡೆ, ಅಲ್ಲಿಗೆ ಹೋದ ಮಕ್ಕಳಲ್ಲಿ.

ಪಾಕಿಸ್ತಾನದ ಪಂಜಾಬಿನ 112 ಹಳ್ಳಿಗಳಲ್ಲಿ ಅಂದ್ರಾಬಿ, ದಾಸ್, ಖ್ವಾಜಾ ಅವರು ನಡೆಸಿದ ಅಧ್ಯಯನದ ಕಥೆ ಬೇರೆ. ಅಲ್ಲಿ ಮಗುವಿನ ಅಂಕವನ್ನೂ, ಊರಿನ ಎಲ್ಲ ಶಾಲೆಗಳ ಅಂಕವನ್ನೂ ಪಾಲಕರ ಕೈಗೆ ಕೊಟ್ಟರು. ಕಲಿಕೆ ಸ್ವಲ್ಪ ಏರಿತು, ಖಾಸಗಿ ಶಾಲೆಗಳ ಫೀ ಶೇ 17ರಷ್ಟು ಇಳಿಯಿತು.

ಒಂದು ಕಡೆ ಫಲಿಸಿದ್ದು ಇನ್ನೊಂದು ಕಡೆ ಯಾಕೆ ಫಲಿಸಲಿಲ್ಲ? ನನ್ನ ಓದು ಹೀಗಿದೆ. ಪಂಜಾಬಿನ ಆ ಹಳ್ಳಿಗಳಲ್ಲಿ ಒಂದೇ ಊರಿನಲ್ಲಿ ಹಲವು ಶಾಲೆಗಳಿದ್ದವು, ಹೋಲಿಸಿ ಆರಿಸುವ ಶಕ್ತಿ ಪಾಲಕರಿಗಿತ್ತು. ಜೌನ್‌ಪುರದಲ್ಲಿ ಮಾಹಿತಿ ಬಂತು, ಅದನ್ನು ಹಿಡಿದು ತಿರುಗಿಸಲು ಹಿಡಿಕೆ ಇರಲಿಲ್ಲ.

ಈಗ ಇದನ್ನು ಗಡಿಭಾಗಕ್ಕೆ ತನ್ನಿ. ಕನ್ನಡ ಪಾಲಕರ ಮುಂದೆ ಇರುವ ಆಯ್ಕೆ ‘ಈ ಕನ್ನಡ ಶಾಲೆಯೋ ಆ ಕನ್ನಡ ಶಾಲೆಯೋ’ ಅನ್ನೋದಲ್ಲ. ಈ ಕನ್ನಡ ಶಾಲೆಯೋ, ಇಲ್ಲಾ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮವೋ ಅನ್ನೋದು. ಅಂಥ ಕಡೆ ಶಾಲೆಗಳನ್ನು ಹೋಲಿಸುವ ಒಂಟಿ ಅಂಕಿ ಕೊಟ್ಟರೆ ಅದು ಶಾಲೆಯನ್ನು ಸುಧಾರಿಸುವ ಒತ್ತಡ ಆಗೋದಿಲ್ಲ, ಭಾಷೆ ಬಿಡುವ ಕಾರಣ ಆಗುತ್ತೆ. ಮಾಧ್ಯಮ ಬದಲಿಸುವ ಹಕ್ಕು ಪಾಲಕರಿಗೆ ಖಂಡಿತ ಇದೆ. ಅದನ್ನು ಪ್ರಶ್ನಿಸೋಕೆ ನಾನು ಯಾರೂ ಅಲ್ಲ. ಆದರೆ ಆ ನಿರ್ಧಾರ ಯಾರ ಬಗ್ಗೆಯೂ ಅಲ್ಲದ ಜಿಲ್ಲಾ ಸರಾಸರಿಯ ಮೇಲೆ, ತಪ್ಪಾಗಿ ಕೇಳಿಸಿದ ಪದದ ಮೇಲೆ ನಿಲ್ಲಬಾರದು.

7. ಹಾಗಾದರೆ ಏನು ಹೇಳಬೇಕು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಗ್ರ ಪ್ರಗತಿ ಪತ್ರದ ಮಾತಾಡುತ್ತದೆ, ಮನೆ ಮತ್ತು ಶಾಲೆಯ ನಡುವಿನ ಕೊಂಡಿ ಅದು ಅನ್ನುತ್ತದೆ. ಕಾಗದ ದೊಡ್ಡದಾದಷ್ಟೂ ಅರ್ಥ ದೊಡ್ಡದಾಗುತ್ತೆ ಅನ್ನೋ ಖಾತ್ರಿ ಇಲ್ಲ. ಪ್ಯಾಟ್‌ನ ಅಂಕಗಳನ್ನು ಶಿಕ್ಷಕರು ಚಾಟ್‌ಬಾಟ್ ಮೂಲಕ ಪುಣೆಯ ವಿದ್ಯಾ ಸಮೀಕ್ಷಾ ಕೇಂದ್ರಕ್ಕೆ ಕಳಿಸಬೇಕು. ಮೇಲೆ ಹೋಗುವ ದಾರಿಗೆ ಇಷ್ಟು ಯೋಚನೆ ಮಾಡಿದ ವ್ಯವಸ್ಥೆ ಕೆಳಗೆ, ಮನೆಯ ಹೊಸ್ತಿಲಿಗೆ ಇಳಿಯುವ ದಾರಿಗೂ ಅಷ್ಟೇ ಯೋಚನೆ ಮಾಡಬೇಕು.

ನನ್ನ ಪ್ರಕಾರ ಪಾಲಕರಿಗೆ ನಾಲ್ಕು ವಾಕ್ಯ ಸಾಕು. ಈ ಪರೀಕ್ಷೆ ಯಾಕೆ ನಡೆಯಿತು. ಇದರಿಂದ ಮಗುವಿನ ತರಗತಿ ಬದಲಾಗುತ್ತೋ ಇಲ್ಲವೋ. ಮಗು ಏನು ಮಾಡಬಲ್ಲದು, ಏನು ಇನ್ನೂ ಮಾಡಲಾರದು. ಉದಾಹರಣೆಗೆ ‘ಎರಡಂಕಿ ಕೂಡಿಸ್ತಾಳೆ, ಕೈ ಹಿಡಿಯುವ ಲೆಕ್ಕ ಬಂದರೆ ತಪ್ತಾಳೆ’. ಮುಂದಿನ ಚಾಚಣಿಯೊಳಗೆ ಶಾಲೆ ಇದಕ್ಕೆ ಏನು ಮಾಡುತ್ತದೆ. ನಾಲ್ಕನೆಯ ವಾಕ್ಯ ಇಲ್ಲದಿದ್ದರೆ ಮೊದಲ ಮೂರೂ ಜೌನ್‌ಪುರದ ಸಭೆಯ ಹಾಗೆ ಕರಗಿಹೋಗುತ್ತವೆ.

ಹಿಡಿಕೆ ಕಾಯ್ದೆಯಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಸಮಿತಿಯ ಅರ್ಧ ಮಹಿಳೆಯರಿರಬೇಕು. ಆ ಸಭೆಯಲ್ಲಿ ಪ್ರಶ್ನೆಪತ್ರಿಕೆಯನ್ನೇ ಬಿಡಿಸಿ ಇಟ್ಟು, ಯಾವ ಪ್ರಶ್ನೆಯಲ್ಲಿ ಹೆಚ್ಚು ಮಕ್ಕಳು ತಪ್ಪಿದರು, ಯಾಕೆ ತಪ್ಪಿದರು ಅಂತ ಕನ್ನಡದಲ್ಲಿ ಮಾತಾಡಬಹುದು. ಅಕ್ಷರ ಬಾರದ ತಾಯಿಗೂ ಪ್ರಶ್ನೆಯನ್ನು ಓದಿ ಹೇಳಿದರೆ ಅದು ಲೆಕ್ಕದ ತೊಡಕೋ ಮಾತಿನ ತೊಡಕೋ ತಿಳಿಯುತ್ತದೆ. ಈ ಎರಡನೆಯ ತೊಡಕನ್ನು ಬಹುಶಃ ಆಕೆಯೇ ಶಿಕ್ಷಕರಿಗಿಂತ ಮೊದಲು ಗುರುತಿಸ್ತಾಳೆ.

ಚರ್ಚೆ (ಆಯ್ದ ಭಾಗ)

ವಿದ್ಯಾರ್ಥಿನಿ: ಸಮೀಕ್ಷೆಯ ಅಂಕಿ ನಮ್ಮ ಮಗುವಿನ ಬಗ್ಗೆ ಅಲ್ಲ ಅಂತ ಹೇಳಿದರೆ ಪಾಲಕರು ಅದನ್ನು ಪೂರ್ತಿ ಕೈಬಿಡೋದಿಲ್ವಾ?

ಮಂಡನಕಾರರು: ಕೈಬಿಡಬಾರದು. ಮಗುವಿನ ಬಗ್ಗೆ ಅಲ್ಲ ಅಂದರೂ ಜಿಲ್ಲೆಯ ಬಗ್ಗೆ ಹೌದು. 2024ರ ಪರಖ್‌ನಲ್ಲಿ 3ನೇ ತರಗತಿಯ ಗಣಿತ ಶೇ 60, 6ನೇ ತರಗತಿಯ ಗಣಿತ ಶೇ 46. ಇವು ಬೇರೆ ಮಕ್ಕಳು, ಬೇರೆ ಪತ್ರಿಕೆ. ಹಾಗಾಗಿ ‘ಮಕ್ಕಳು ಇಳಿದರು’ ಅಂತ ಹೇಳೋ ಹಾಗಿಲ್ಲ. ಆದರೆ 6ರ ಗಣಿತಕ್ಕೆ ಏನು ಮಾಡ್ತೀರಿ ಅಂತ ಜಿಲ್ಲಾ ಪರಿಷತ್ ಸದಸ್ಯರನ್ನು ಕೇಳೋಕೆ ಬರುತ್ತೆ. ಆ ಅಂಕಿ ಇಟ್ಟುಕೊಂಡು ಮಗುವಿಗೆ ಬೈಯೋಕೆ ಬರೋದಿಲ್ಲ.

ಅಧ್ಯಾಪಕರು: ನೀವು ಶಿಕ್ಷಕರ ಮೇಲೆ ಇನ್ನೊಂದು ಹೊರೆ ಹಾಕ್ತಾ ಇದ್ದೀರಿ. ಒಬ್ಬರೇ ಎರಡು ಮೂರು ತರಗತಿ ನೋಡುವ ಶಾಲೆಗಳಿವೆ.

ಮಂಡನಕಾರರು: ಒಪ್ತೀನಿ ಸರ್. ಆದ್ದರಿಂದಲೇ ಪ್ರತಿ ಮಗುವಿಗೆ ಪುಟಗಟ್ಟಲೆ ವರದಿ ಬೇಡ ಅಂದೆ. ನಾಲ್ಕರಲ್ಲಿ ಮೊದಲ ಎರಡು ವಾಕ್ಯ ಎಲ್ಲ ಮಕ್ಕಳಿಗೂ ಒಂದೇ. ಅವನ್ನು ಪತ್ರಿಕೆ ತಯಾರಿಸುವವರೇ ಹತ್ತೂ ಮಾಧ್ಯಮಗಳಲ್ಲಿ ಅಚ್ಚುಮಾಡಿ ಕಳಿಸಬಹುದು. ಶಿಕ್ಷಕರಿಗೆ ಉಳಿಯೋದು ಎರಡು. ಅವನ್ನು ಬಾಯಿಮಾತಿನಲ್ಲಿ ಹೇಳಿದರೂ ನಡೆಯುತ್ತೆ.

ವಿದ್ಯಾರ್ಥಿ: ಕುಪವಾಡದಲ್ಲಿ ಪಾಲಕರು ಪಾಳಿಯಲ್ಲಿ ದುಡೀತಾರೆ. ಸಭೆಗೆ ಯಾರು ಬರ್ತಾರೆ?

ಮಂಡನಕಾರರು: ಸಭೆಯ ಹೊತ್ತು ಶಾಲೆಯ ಅನುಕೂಲಕ್ಕೆ ಇದ್ದರೆ ಬರೋದಿಲ್ಲ, ನಿಜ. ಪಾಳಿ ಬದಲಾಗುವ ಹೊತ್ತಿಗೋ ಕಾರ್ಖಾನೆಯ ವಾರದ ರಜೆಗೋ ಇಟ್ಟು ನೋಡಬೇಕು. ಬರದವರಿಗೆ ಮಗುವಿನ ಕೈಯಲ್ಲೇ ಆ ನಾಲ್ಕು ವಾಕ್ಯ ಕಳಿಸಬೇಕು, ಮನೆಮಾತಿನಲ್ಲಿ. ಮರಾಠಿ ಶಾಲೆಯಿಂದ ಕನ್ನಡದಲ್ಲಿ ಒಂದು ಚೀಟಿ ಬಂದರೆ ಆ ಮನೆಗೆ ಶಾಲೆಯ ಬಗ್ಗೆ ಹುಟ್ಟುವ ಭಾವನೆಯೇ ಬೇರೆ. ಅದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸವನ್ನು ನಮ್ಮಂಥ ವಿಭಾಗಗಳ ವಿದ್ಯಾರ್ಥಿಗಳು ಮಾಡಬಹುದು. ಈ ಸಂಕಿರಣ ಮುಗಿಯುವ ಮೊದಲು ಪ್ಯಾಟ್‌ಗೆ ಒಂದು, ಶಿಷ್ಯವೃತ್ತಿ ಪರೀಕ್ಷೆಗೆ ಒಂದು ಕರಡು ತಯಾರಿಸೋಣ ಅಂತ ನನ್ನ ಸೂಚನೆ. ‘ಅಪಾತ್ರ’ ಅನ್ನೋ ಪದಕ್ಕೆ ಏನು ಬರೆಯಬೇಕು ಅಂತ ಅಲ್ಲಿಂದಲೇ ಶುರು ಮಾಡೋಣ.